ಗೋಡೆಯನ್ನು ನೋಡಿ ದೀಪ ಆಯ್ದುಕೊಳ್ಳುವುದು: ನಮ್ಮ ಕಡೆಯ ಮನೆಯಂಗಳಗಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ದಾವಣಗೆರೆಯ ಯಾವುದಾದರೂ ದೊಡ್ಡ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಗಾರ್ಡನ್ ಲೈಟ್ ಬೇಕೆಂದು ಕೇಳಿದರೆ, ಅಂಗಡಿಯವರು ಒಂದು ಗೋಡೆಯ ತುಂಬ ತೂಗುಹಾಕಿದ ಹತ್ತಾರು ಮಾದರಿಗಳನ್ನು ಒಟ್ಟಿಗೆ ಹೊತ್ತಿಸಿ ತೋರಿಸುತ್ತಾರೆ. ಅಲ್ಲಿ ನಮ್ಮ ಕಣ್ಣಿಗೆ ಬೀಳುವುದು ದೀಪದ ಕವಚ, ಅದರ ಗಾಜು ಮತ್ತು ಅದರ ಹೊಳಪು. ಮನೆಗೆ ತಂದು ಕೂರಿಸಿದ ಮೇಲೆ ರಾತ್ರಿ ಕಾಣುವುದು ದೀಪವಲ್ಲ, ಆ ದೀಪದ ಬೆಳಕು ಬಿದ್ದ ಗೋಡೆ, ನೆಲ ಮತ್ತು ಎಲೆ. ಅಂಗಡಿಯಲ್ಲಿ ಬಹಳ ಚೆಂದವಾಗಿ ಕಂಡದ್ದು ಮನೆಯಲ್ಲಿ ಸಪ್ಪೆಯಾಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ನಮ್ಮ ಮನೆಯ ಜಗಲಿಗೆ ಕೆಂಪು ಆಕ್ಸೈಡ್ ನೆಲವಿದೆ. ಮೊದಲ ಸಲ ನಾವು ಗೇಟಿನ ಕಂಬಗಳಿಗೆ ಹಿತ್ತಾಳೆ ಬಣ್ಣದ ಲಾಂದ್ರಗಳನ್ನು ಆರಿಸಿ ತಂದು, ಅವುಗಳಲ್ಲಿ ಅಂಗಡಿಯವರು ಕೊಟ್ಟ 6500 ಕೆಲ್ವಿನ್‌ನ ಬಿಳಿ ಬಲ್ಬುಗಳನ್ನೇ ಹಾಕಿದೆವು. ಮೂವತ್ತು ವರ್ಷ ತೆಂಗಿನೆಣ್ಣೆ ಹಚ್ಚಿ ಉಜ್ಜಿದ ಆ ಕೆಂಪು ನೆಲ ಒಂದೇ ರಾತ್ರಿಯಲ್ಲಿ ಬೂದಿ ಬಳಿದಂತೆ ಕಾಣತೊಡಗಿತು. ತಪ್ಪು ಲಾಂದ್ರದ್ದಾಗಿರಲಿಲ್ಲ, ನೆಲವನ್ನು ಮರೆತು ದೀಪ ಕೊಂಡ ನಮ್ಮದಾಗಿತ್ತು.

ಆದ್ದರಿಂದ ಈ ಬರಹದಲ್ಲಿ ಹೋಲಿಕೆಯನ್ನು ಮನೆಯ ಮೇಲ್ಮೈಯಿಂದ ಆರಂಭಿಸಿ, ವಿದ್ಯುತ್ತಿನ ವ್ಯವಸ್ಥೆ ಮತ್ತು ಮಣ್ಣು-ನೀರಿನ ವಿಚಾರಗಳಿಗೆ ಬರುತ್ತೇನೆ. ದೀಪದ ಆಕಾರ, ಅಂದರೆ ಜನ ಮೊದಲು ಕೇಳುವ ಸಂಗತಿ, ಇಲ್ಲಿ ದಾರಿಯಲ್ಲಿ ಸಿಕ್ಕಷ್ಟೇ ಬರುತ್ತದೆ.

ಬೆಳಕಿನ ಬಣ್ಣ

ಎಲ್‌ಇಡಿ ದೀಪದ ಡಬ್ಬಿಯ ಮೇಲೆ ಕೆಲ್ವಿನ್ ಅಳತೆಯಲ್ಲಿ ಬೆಳಕಿನ ಬಣ್ಣವನ್ನು ಮುದ್ರಿಸಿರುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೊಂಬಣ್ಣಕ್ಕೆ, ದೊಡ್ಡದಾದಷ್ಟೂ ನೀಲಿ ಬೆರೆತ ಬಿಳುಪಿಗೆ ಹೋಗುತ್ತದೆ. ಮೇಣದ ಬತ್ತಿಯ ಅಥವಾ ಎಣ್ಣೆ ದೀಪದ ಬೆಳಕು ಸುಮಾರು 1900 ಕೆಲ್ವಿನ್ ಆಸುಪಾಸಿನದು. ಹಳೆಯ ತಂತಿಯ ಬಲ್ಬಿನದು 2700. ಅಂಗಡಿಗಳಲ್ಲಿ ‘ವಾರ್ಮ್ ವೈಟ್’ ಎಂದು ಮಾರುವುದು 2700ರಿಂದ 3000. ‘ನ್ಯಾಚುರಲ್ ವೈಟ್’ ಎನ್ನುವುದು 4000. ನಮ್ಮ ಹೆಚ್ಚಿನ ಮನೆಗಳ ಒಳಗೆ ಉರಿಯುವ ‘ಕೂಲ್ ಡೇಲೈಟ್’ 6500. ಹೆಂಚು, ಇಟ್ಟಿಗೆ, ಮರ, ಕೆಮ್ಮಣ್ಣು, ಕೆಂಪು ಆಕ್ಸೈಡ್ ಇವುಗಳೆಲ್ಲ 2700ರಲ್ಲಿ ತಮ್ಮ ಬಣ್ಣವನ್ನು ಉಳಿಸಿಕೊಳ್ಳುತ್ತವೆ. ಬೂದು ಗ್ರಾನೈಟ್, ಸಿಮೆಂಟ್ ಮತ್ತು ಬಿಳಿ ಬಣ್ಣದ ಗೋಡೆಗಳಿಗೆ 3000 ಹೊಂದುತ್ತದೆ. 4000ವನ್ನು ಕಾರು ನಿಲ್ಲಿಸುವ ಜಾಗಕ್ಕೆ, ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಇಟ್ಟುಕೊಳ್ಳಬಹುದು. 6500ಕ್ಕೆ ಅಂಗಳದಲ್ಲಿ ಯಾವ ಕೆಲಸವೂ ಇಲ್ಲವೆಂದೇ ನನ್ನ ಅಭಿಪ್ರಾಯ. ಅದರಲ್ಲಿ ನೀಲಿ ಅಂಶ ಹೆಚ್ಚಿರುವುದರಿಂದ ಹುಳುಗಳೂ ಹೆಚ್ಚು ಮುತ್ತುತ್ತವೆ.

ಒಂದೇ ಅಂಗಳದಲ್ಲಿ ಎರಡು ಬಣ್ಣದ ಬೆಳಕು ಬೆರೆತರೆ ಕಣ್ಣಿಗೆ ಹಿತವಾಗಿರುವುದಿಲ್ಲ. ಹಾಗಾಗಿ ಬೇರೆ ಬೇರೆ ಕಂಪನಿಯ ದೀಪಗಳನ್ನು ಕೊಳ್ಳುವುದಾದರೂ ಕೆಲ್ವಿನ್ ಸಂಖ್ಯೆಯನ್ನು ಒಂದೇ ಇರಿಸಿಕೊಳ್ಳುವುದು ಒಳ್ಳೆಯದು.

ನಾಲ್ಕು ಬಗೆಯ ಮನೆಗಳು

ಚಿತ್ರದುರ್ಗ ಸೀಮೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳೂ ಹೆಂಚಿನ ಮನೆಗಳೂ ಇನ್ನೂ ಉಳಿದಿವೆ, ಮತ್ತು ಈಚೆಗೆ ಅವುಗಳನ್ನು ಕೆಡವದೆ ದುರಸ್ತಿ ಮಾಡಿಸಿಕೊಳ್ಳುವವರೂ ಕಾಣಿಸುತ್ತಿದ್ದಾರೆ. ಇಂಥ ಮನೆಯಲ್ಲಿ ಸೂರು ತಗ್ಗಾಗಿರುತ್ತದೆ, ಜಗಲಿ ಇರುತ್ತದೆ, ಬಾಗಿಲಿನ ಎರಡೂ ಕಡೆ ದೀಪದ ಗೂಡುಗಳಿರುತ್ತವೆ. ಕಂಬದ ಮೇಲಿನ ಎತ್ತರದ ದೀಪ ಇಲ್ಲಿ ಮನೆಯನ್ನು ಇನ್ನಷ್ಟು ಕುಳ್ಳಗೆ ಮಾಡುತ್ತದೆ. ಸೂರಿನ ಅಡಿಯಲ್ಲಿ, ಹೊರಗಿನವರ ಕಣ್ಣಿಗೆ ಬೀಳದಂತೆ, ಕೆಳಮುಖವಾಗಿ ಕೂರಿಸಿದ 3 ವ್ಯಾಟಿನ ಎರಡೋ ಮೂರೋ ದೀಪಗಳು ಜಗಲಿಯನ್ನು ಬೆಳಗಿಸಿ, ಅಂಗಳಕ್ಕೆ ಅಲ್ಲಿಂದ ಚೆಲ್ಲಿದಷ್ಟು ಬೆಳಕನ್ನು ಬಿಟ್ಟುಕೊಟ್ಟರೆ ಸಾಕು. ಎರಡು ಗೂಡುಗಳಲ್ಲಿ ಒಂದರೊಳಗೆ 1 ವ್ಯಾಟಿನ ಸಣ್ಣ ದೀಪವನ್ನು ಮರೆಯಾಗಿ ಇಡಬಹುದು. ಇನ್ನೊಂದನ್ನು ಎಣ್ಣೆ ದೀಪಕ್ಕೇ ಬಿಡಬೇಕು. ಪರದೇಶದ ಬೀದಿಗಂಬಗಳನ್ನು ಅನುಕರಿಸಿದ, ಬಳ್ಳಿ ಸುತ್ತಿದಂತಿರುವ ಕಪ್ಪು ಲಾಂದ್ರಗಳನ್ನು ‘ಹಳೆಯ ಮನೆಗೆ ಹಳೆಯ ಶೈಲಿ’ ಎಂದು ಮಾರುತ್ತಾರಾದರೂ, ಆ ಹಳತಿಗೂ ನಮ್ಮ ಹಳತಿಗೂ ನಂಟಿಲ್ಲ. ಸುತ್ತಲಿನ ಕವಚವೇ ಕಾಣಬೇಕೆಂದಿದ್ದರೆ ಸಾದಾ ಹಿತ್ತಾಳೆಯ ಬಟ್ಟಲಿನಂಥದು ಸರಿಹೋಗುತ್ತದೆ. ಮಣ್ಣಿನ ಗೋಡೆಯನ್ನು ಕೊರೆದು ಪೈಪು ಹೂಳಿಸುವುದಕ್ಕಿಂತ, ಜಂತೆಯ ಮಗ್ಗುಲಲ್ಲಿ ಪೈಪನ್ನು ಹಾಯಿಸುವುದು ಗೋಡೆಗೂ ಕ್ಷೇಮ, ನಾಳೆ ರಿಪೇರಿಗೂ ಅನುಕೂಲ.

ದಾವಣಗೆರೆಯ ಪಿ.ಜೆ. ಬಡಾವಣೆಯಂಥ ಹಳೆಯ ವಸತಿ ಪ್ರದೇಶಗಳಲ್ಲಿ ಎರಡನೆಯ ಬಗೆಯ ಮನೆಗಳಿವೆ: ಅಗಲವಾದ ಸಜ್ಜೆ, ಪೋರ್ಟಿಕೊ, ಚಿತ್ತಾರದ ಕಬ್ಬಿಣದ ಗ್ರಿಲ್, ತಗ್ಗಿನ ಕಾಂಪೌಂಡು, ಅದರೊಳಗೆ ಒಂದು ಮಾವು ಅಥವಾ ಎರಡು ತೆಂಗು. ಈ ಮನೆಗಳ ಸೊಗಸು ಗ್ರಿಲ್ಲಿನಲ್ಲಿದೆ ಎಂಬುದನ್ನು ರಾತ್ರಿಯಲ್ಲದೆ ಗಮನಿಸುವುದು ಕಷ್ಟ. ಹೊರಗಿನಿಂದ ಅದರ ಮೇಲೆ ಫೋಕಸ್ ಲೈಟ್ ಹಾಕಿದರೆ ಚಿತ್ತಾರ ಸತ್ತುಹೋಗುತ್ತದೆ. ಪೋರ್ಟಿಕೊದ ಒಳಗಿನಿಂದ, ಗ್ರಿಲ್ಲಿನ ಹಿಂದೆ ಒಂದು ದೀಪವಿಟ್ಟರೆ ಅದರ ನೆರಳು ಅಂಗಳದ ನೆಲದ ಮೇಲೆ ರಂಗೋಲಿಯಂತೆ ಹರಡಿಕೊಳ್ಳುತ್ತದೆ. ಇಂಥ ಮನೆಗಳ ಗೇಟಿನ ಕಂಬಗಳಿಗೆ ಹಾಲುಬಿಳುಪಿನ ಗುಂಡು ದೀಪಗಳೇ ಆ ಕಾಲದ ಜೊತೆಗಾರರು, ಮತ್ತು ಅವನ್ನು ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಗುಂಡು ದೀಪ ತನ್ನ ಬೆಳಕಿನ ದೊಡ್ಡ ಪಾಲನ್ನು ಆಕಾಶಕ್ಕೂ ದಾರಿಹೋಕರ ಕಣ್ಣಿಗೂ ಎಸೆಯುವುದರಿಂದ, ಒಳಗೆ 5 ವ್ಯಾಟಿಗಿಂತ ಹೆಚ್ಚಿನ ಬಲ್ಬು ಹಾಕಬಾರದು. ಅಗ್ಗದ ಪ್ಲಾಸ್ಟಿಕ್ ಗುಂಡುಗಳು ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಹಳದಿಗಟ್ಟುತ್ತವೆ. ಗಾಜಿನವು ಹಾಗಾಗುವುದಿಲ್ಲ, ಆದರೆ ಬೀದಿಯಲ್ಲಿ ಕ್ರಿಕೆಟ್ ಆಡುವ ಮಕ್ಕಳಿದ್ದರೆ ಯೋಚಿಸಿ ಕೊಳ್ಳಬೇಕು.

ಮೂರನೆಯದು ಹೊಸ ಬಡಾವಣೆಗಳ ಡ್ಯೂಪ್ಲೆಕ್ಸ್ ಮನೆ. ನಿವೇಶನ 30×40 ಅಡಿಯದೋ 40×60 ಅಡಿಯದೋ ಆಗಿದ್ದು, ಮುಂಭಾಗವೆಲ್ಲ ‘ಎಲಿವೇಶನ್’ ಆಗಿ, ತೋಟವೆನ್ನುವುದು ಕಾಂಪೌಂಡಿಗೂ ಗೋಡೆಗೂ ನಡುವಿನ ಮೂರ್ನಾಲ್ಕು ಅಡಿ ಅಗಲದ ಪಟ್ಟಿಯಾಗಿ ಉಳಿದಿರುತ್ತದೆ. ಮೇಲಕ್ಕೂ ಕೆಳಕ್ಕೂ ಬೆಳಕು ಚೆಲ್ಲುವ ಗೋಡೆ ದೀಪಗಳು, ಉದ್ದ ಗೆರೆಯಂಥ ಪ್ರೊಫೈಲ್ ಲೈಟುಗಳು ಈ ನೇರ ಗೆರೆಗಳ ಮನೆಗೆ ಚೆನ್ನಾಗಿ ಒಪ್ಪುತ್ತವೆ. ಆದರೆ ಇಲ್ಲಿ ಎರಡು ತೊಡಕುಗಳಿವೆ. ನಯವಾದ ಪ್ಲಾಸ್ಟರ್ ಗೋಡೆಗೆ ಅಂಟಿಕೊಂಡಂತೆ ದೀಪವಿಟ್ಟರೆ, ಹಗಲಿನಲ್ಲಿ ಯಾರಿಗೂ ಕಾಣದಿದ್ದ ಕರಣೆಯ ಗೆರೆಗಳೂ ಪುಟ್ಟಿಯ ಉಬ್ಬುತಗ್ಗುಗಳೂ ರಾತ್ರಿ ಒಂದೊಂದಾಗಿ ಎದ್ದು ಕಾಣುತ್ತವೆ. ಇಂಥ ಗೋಡೆಗೆ ಬೆಳಕು ಒಂದೆರಡು ಅಡಿ ದೂರದಿಂದ, ಅಗಲವಾಗಿ ಹರಡುವ ಕೋನದಲ್ಲಿ ಬೀಳಬೇಕು. ಎರಡನೆಯದು ಗಾಜು. ದೊಡ್ಡ ಗಾಜಿನ ಎದುರಿಗೆ ಇಟ್ಟ ದೀಪ ಗಾಜನ್ನು ಬೆಳಗಿಸುವುದಿಲ್ಲ, ಗಾಜಿನಲ್ಲಿ ಇನ್ನೊಂದು ದೀಪವಾಗಿ ಕಣ್ಣು ಕುಕ್ಕುತ್ತದೆ. ಗಾಜಿನ ಎದುರಿಗೆ ಗಿಡವನ್ನು ಬೆಳಗಿಸಿ, ದೀಪವನ್ನು ಗಿಡದ ಹಿಂದೆ ಮರೆಮಾಡುವುದೇ ಇದಕ್ಕೆ ಪರಿಹಾರ. ಅಗಲ ಮೂರಡಿಯಷ್ಟೇ ಇರುವ ಕಡೆ ಮೇಲ್ಮುಖ ದೀಪ ಪಕ್ಕದ ಮನೆಯವರ ಮಲಗುವ ಕೋಣೆಯ ಕಿಟಕಿಗೆ ನೇರವಾಗಿ ಹೊಡೆಯುವ ಸಂಭವವೂ ಇದೆ. ಕೂರಿಸುವ ಮುನ್ನ ಅವರ ಕಿಟಕಿ ಎಲ್ಲಿದೆ ಎಂದು ನೋಡಿಕೊಂಡರೆ ಆಮೇಲಿನ ಮಾತು ತಪ್ಪುತ್ತದೆ.

ನಾಲ್ಕನೆಯದಾದ ಕಲ್ಲಿನ ಮನೆಯ ವಿಷಯ ಬಂದಾಗ ಚಿತ್ರದುರ್ಗದವರಿಗೆ ಪಾಠ ಹೇಳಬೇಕಾಗಿಲ್ಲ, ಅವರು ಅದನ್ನು ದಿನವೂ ನೋಡುತ್ತಾರೆ. ಏಳು ಸುತ್ತಿನ ಕೋಟೆಯ ಗೋಡೆ ಮಧ್ಯಾಹ್ನ ಬರಿಯ ಬೂದು ರಾಶಿಯಂತೆ ಕಂಡರೂ, ಸಂಜೆಯ ಓರೆ ಬಿಸಿಲು ಬಿದ್ದ ಹೊತ್ತಿನಲ್ಲಿ ಪ್ರತಿ ಕಲ್ಲಿನ ಸಂದೂ ಉಳಿಯ ಗುರುತೂ ಬಿಡಿಬಿಡಿಯಾಗಿ ಮೂಡುತ್ತದೆ. ಎದುರಿನಿಂದ ಬೀಳುವ ಬೆಳಕು ಕಲ್ಲನ್ನು ಚಪ್ಪಟೆ ಮಾಡುತ್ತದೆ, ಓರೆಯಾಗಿ ಸವರುವ ಬೆಳಕು ಅದಕ್ಕೆ ಮೈ ಕೊಡುತ್ತದೆ. ಆದ್ದರಿಂದ ಸೈಜುಗಲ್ಲಿನ ಕಾಂಪೌಂಡಿಗೆ, ಕಲ್ಲು ಹೊದಿಸಿದ ಗೋಡೆಗೆ, ಅಥವಾ ನಿವೇಶನದಲ್ಲೇ ಉಳಿದುಬಂದ ಬಂಡೆಗೆ, ದೀಪವನ್ನು ಬುಡದಿಂದ 15–20 ಸೆಂಟಿಮೀಟರ್ ಅಂತರದಲ್ಲಿಟ್ಟು, 15ರಿಂದ 24 ಡಿಗ್ರಿಯ ಕಿರಿದಾದ ಕೋನದ ಬೆಳಕನ್ನು ಮೇಲಕ್ಕೆ ಹಾಯಿಸಬೇಕು. ಇದು ಪ್ಲಾಸ್ಟರ್ ಗೋಡೆಗೆ ಹೇಳಿದ್ದಕ್ಕೆ ತೀರ ವಿರುದ್ಧವಾದ ಕ್ರಮ ಎಂಬುದನ್ನು ಓದುಗರು ಗಮನಿಸಬೇಕು: ಅದೇ ದೀಪ, ಅದೇ ವ್ಯಾಟ್, ಆದರೆ ಒಂದು ಗೋಡೆಯಲ್ಲಿ ದೋಷವಾದದ್ದು ಇನ್ನೊಂದರಲ್ಲಿ ಗುಣ. ಬಣ್ಣ ಬದಲಾಯಿಸುವ ಕೆಂಪು, ಹಸಿರು, ನೀಲಿ ದೀಪಗಳನ್ನು ಕಲ್ಲಿಗೆ ಹಾಕಿದವರ ಮನೆಗಳನ್ನೂ ನೋಡಿದ್ದೇನೆ. ಗ್ರಾನೈಟಿನ ಕಣಗಳಲ್ಲಿ ತನ್ನದೇ ಹೊಳಪಿರುವಾಗ ಅದರ ಅಗತ್ಯ ನನಗೆ ಕಾಣಲಿಲ್ಲ.

230 ವೋಲ್ಟೋ, 24 ವೋಲ್ಟೋ, ಸೂರ್ಯನೋ

ಮನೆಯ ನೇರ 230 ವೋಲ್ಟಿನ ಲೈನಿಗೆ ಜೋಡಿಸುವ ದೀಪಗಳು ಎಲ್ಲ ಕಡೆ ಸಿಗುತ್ತವೆ, ಯಾವ ಎಲೆಕ್ಟ್ರಿಷಿಯನ್ನನೂ ಅವನ್ನು ಜೋಡಿಸಬಲ್ಲ, ಮತ್ತು ದೂರ ಹೆಚ್ಚಾದರೂ ಬೆಳಕು ಕುಗ್ಗುವುದಿಲ್ಲ. ಆದರೆ ಒದ್ದೆ ಮಣ್ಣು, ಸಲಿಕೆ ಮತ್ತು ಬರಿಗಾಲು ಒಟ್ಟಿಗೆ ಇರುವ ಜಾಗದಲ್ಲಿ 230 ವೋಲ್ಟ್ ಹರಿಸುವುದಾದರೆ, ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್, ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಲೈನನ್ನು ಕಡಿಯುವ ಸ್ವಿಚ್) ಈ ಮೂರೂ ಇರಲೇಬೇಕು. ಇವುಗಳಲ್ಲಿ ಒಂದನ್ನು ಬಿಟ್ಟು ಹಣ ಉಳಿಸುವ ಮಾತನ್ನು ಯಾರು ಹೇಳಿದರೂ ಒಪ್ಪಬಾರದು. ಸಾದಾ ವೈರನ್ನು ಪೈಪಿಲ್ಲದೆ ಹೂತರೆ ಹೆಗ್ಗಣಗಳು ಕಡಿಯುತ್ತವೆ.

12 ಅಥವಾ 24 ವೋಲ್ಟಿನ ವ್ಯವಸ್ಥೆಯಲ್ಲಿ ಅಡಾಪ್ಟರೊಂದು ಮನೆಯೊಳಗೆ ಅಥವಾ ಸಜ್ಜೆಯ ಕೆಳಗೆ ಕುಳಿತು, ತೋಟದೊಳಗೆ ಮೈಗೆ ತಾಗಿದರೂ ಅಪಾಯವಿಲ್ಲದಷ್ಟು ಕಡಿಮೆ ವೋಲ್ಟೇಜನ್ನು ಕಳಿಸುತ್ತದೆ. ಮಕ್ಕಳೂ ನಾಯಿಯೂ ಇರುವ ಮನೆಗೆ ಇದೇ ಸರಿ. ಆದರೆ 12 ಮತ್ತು 24ರ ನಡುವೆ ಆರಿಸುವಾಗ ಒಂದು ಸಣ್ಣ ಲೆಕ್ಕ ಮಾಡಬೇಕಾಗುತ್ತದೆ. 40×60ರ ನಿವೇಶನದಲ್ಲಿ ಗೇಟಿನಿಂದ ಹಿತ್ತಲಿಗೆ ಸುಮಾರು 20 ಮೀಟರ್ ಎಂದುಕೊಳ್ಳೋಣ; ಹೋಗಿಬರುವ ತಂತಿ ಸೇರಿ 40 ಮೀಟರ್. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ಪ್ರತಿರೋಧವಿರುವುದರಿಂದ, ಈ 40 ಮೀಟರಿಗೆ ಅರ್ಧ ಓಮಿನಷ್ಟಾಗುತ್ತದೆ. ಕೊನೆಯಲ್ಲಿ 60 ವ್ಯಾಟಿನ ದೀಪಗಳಿದ್ದರೆ 12 ವೋಲ್ಟಿನಲ್ಲಿ 5 ಆಂಪಿಯರ್ ಹರಿದು, ದಾರಿಯಲ್ಲೇ ಸುಮಾರು 2.4 ವೋಲ್ಟ್ ಕಳೆದುಹೋಗುತ್ತದೆ, ಅಂದರೆ ಐದರಲ್ಲಿ ಒಂದು ಪಾಲು. ಅದೇ 24 ವೋಲ್ಟಿನಲ್ಲಿ 2.5 ಆಂಪಿಯರ್ ಸಾಕಾಗಿ, ಕಳೆಯುವುದು 1.2 ವೋಲ್ಟ್, ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಹಿತ್ತಲಿನ ಕೊನೆಯ ದೀಪ ಮಂಕಾಗಿದೆ ಎಂದು ದೀಪವನ್ನೇ ಎರಡು ಸಲ ಬದಲಾಯಿಸಿ ಹಣ ಕಳೆದುಕೊಂಡವರು ಈ ಲೆಕ್ಕವನ್ನು ಮೊದಲೇ ಮಾಡಿದ್ದರೆ ಒಳಿತಿತ್ತು. ಪೋರ್ಟಿಕೊದ ಸುತ್ತಮುತ್ತ ಮಾತ್ರ ದೀಪ ಬೇಕಿದ್ದರೆ 12 ಸಾಕು. ಹಿತ್ತಲಿನವರೆಗೆ ಹೋಗುವುದಾದರೆ 24ನ್ನೇ ಆರಿಸಬೇಕು.

ಸೋಲಾರ್ ದೀಪಗಳ ಬಗ್ಗೆ ನನ್ನ ಅಭಿಪ್ರಾಯ ಜಾಗವನ್ನು ಅವಲಂಬಿಸಿದೆ. ಊರಿನಿಂದಾಚೆಯ ಅಡಿಕೆ ತೋಟದ ಮನೆಗೆ, ದಾಳಿಂಬೆ ಹೊಲದ ದಾರಿಗೆ, ರಾತ್ರಿ ಕರೆಂಟಿನ ನಂಬಿಕೆಯಿಲ್ಲದ ಕಡೆಗೆ ಇವಕ್ಕಿಂತ ಸುಲಭವಾದದ್ದು ಬೇರೆ ಇಲ್ಲ, ಏಕೆಂದರೆ ಗುಂಡಿ ತೋಡುವ ಕೆಲಸವೇ ಇರುವುದಿಲ್ಲ, ಮತ್ತು ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಅದೇ ದೀಪವನ್ನು ಮಾವಿನ ನೆರಳಿನಲ್ಲಿ, ಅಥವಾ ಎರಡು ಮನೆಗಳ ನಡುವಿನ ಮೂರಡಿ ಓಣಿಯಲ್ಲಿ ನೆಟ್ಟರೆ ರಾತ್ರಿ ಎಂಟರ ಹೊತ್ತಿಗೆ ಅದು ಕಣ್ಣು ಮುಚ್ಚುತ್ತದೆ. ಫಲಕ ಮತ್ತು ದೀಪ ಒಂದೇ ತುಂಡಾಗಿರುವುದಕ್ಕಿಂತ, ಫಲಕವನ್ನು ತಾರಸಿಯ ಮೇಲಿಟ್ಟು ತಂತಿಯಿಂದ ದೀಪಕ್ಕೆ ಜೋಡಿಸುವ ಮಾದರಿ ಉತ್ತಮ. ಬ್ಯಾಟರಿ ಬದಲಾಯಿಸಲು ಬರುವಂಥದ್ದೋ ಅಲ್ಲವೋ ಎಂದು ಕೇಳಿ ಕೊಳ್ಳಬೇಕು. ನಮ್ಮ ಬೇಸಿಗೆಯ ಕಾವಿನಲ್ಲಿ ಮೊದಲು ಸೋಲುವುದು ಬ್ಯಾಟರಿ. ಫಲಕದ ಮೇಲಿನ ಧೂಳನ್ನು ವಾರಕ್ಕೊಮ್ಮೆ ಒರೆಸಬೇಕಾಗುತ್ತದೆ ಎಂಬುದನ್ನೂ ಸೇರಿಸಿಯೇ ನಿರ್ಧರಿಸಬೇಕು.

ಬಿಲ್ಲಿನ ವಿಚಾರ ಬಹಳವಿಲ್ಲ. 5 ವ್ಯಾಟಿನ ಹತ್ತು ದೀಪಗಳು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಏಳೂವರೆ ಯೂನಿಟ್. ಅದೇ 50 ವ್ಯಾಟಿನ ಎರಡು ಫೋಕಸ್ ಲೈಟುಗಳು ರಾತ್ರಿಯಿಡೀ ಹನ್ನೆರಡು ಗಂಟೆ ಉರಿದರೆ 36 ಯೂನಿಟ್ ಆಗುತ್ತದೆ, ಮತ್ತು ಗೃಹಜ್ಯೋತಿಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ. ಸಮಯಕ್ಕೆ ಹೊತ್ತಿಸಿ ಆರಿಸಲು ಟೈಮರ್ ಸಾಕೋ, ಕತ್ತಲನ್ನು ಗುರುತಿಸುವ ಸೆನ್ಸರ್ ಬೇಕೋ ಎಂದರೆ, ದಾವಣಗೆರೆಯಲ್ಲಿ ನವೆಂಬರ್ ಕೊನೆಯಲ್ಲಿ ಸೂರ್ಯ 5:50ರ ಸುಮಾರಿಗೆ ಮುಳುಗಿದರೆ ಜುಲೈ ಆರಂಭದಲ್ಲಿ 7ರ ಸುಮಾರಿಗೆ ಮುಳುಗುತ್ತಾನೆ. ಹೊತ್ತಿಸುವ ಕೆಲಸವನ್ನು ಸೆನ್ಸರಿಗೂ ಆರಿಸುವ ಕೆಲಸವನ್ನು ಟೈಮರಿಗೂ ಬಿಡುವುದು ಹೆಚ್ಚು ಸಮಂಜಸ.

ಮಣ್ಣು, ಗಾಳಿ, ನೀರು

ದೀಪದ ಡಬ್ಬಿಯ ಮೇಲೆ ‘ಐಪಿ’ ಎಂದು ಬರೆದು ಎರಡು ಅಂಕಿಗಳನ್ನು ಹಾಕಿರುತ್ತಾರೆ. ಮೊದಲ ಅಂಕಿ ಧೂಳಿನ ತಡೆಗೆ, ಎರಡನೆಯದು ನೀರಿನ ತಡೆಗೆ. ಐಪಿ 44 ಎಂದರೆ ಎರಚಿದ ನೀರನ್ನು ತಡೆಯುತ್ತದೆ, ಆದರೆ ನಮ್ಮ ಊರಿನ ನುಣುಪು ಧೂಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದನ್ನು ಸಜ್ಜೆಯ ಕೆಳಗಷ್ಟೇ ಬಳಸಬೇಕು. ಬಯಲಿನಲ್ಲಿ ನಿಲ್ಲುವ ದೀಪಕ್ಕೆ ಐಪಿ 65 ಬೇಕು. ನೆಲದೊಳಗೆ ಹೂಳುವ ದೀಪಕ್ಕೆ ಅದೂ ಸಾಲದು, ಮಳೆ ನೀರು ಅದರ ಮೇಲೆ ನಿಲ್ಲುವುದರಿಂದ ಐಪಿ 67 ಇರಬೇಕು.

ದಾವಣಗೆರೆ ಸುತ್ತಿನ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ. ಅದರಲ್ಲಿ ಮೊಳೆಯಂತೆ ಚುಚ್ಚಿ ನಿಲ್ಲಿಸುವ ಸ್ಪೈಕ್ ಲೈಟುಗಳು ಒಂದು ವರ್ಷದೊಳಗೆ ಒಂದೊಂದು ದಿಕ್ಕಿಗೆ ವಾಲಿಕೊಳ್ಳುತ್ತವೆ, ಗೋಡೆಗೆ ಹಿಡಿದ ಬೆಳಕು ಪಕ್ಕದ ಮನೆಯ ಟ್ಯಾಂಕಿಗೆ ಬೀಳುತ್ತಿರುತ್ತದೆ. ಒಂದಡಿಯ ಕಾಂಕ್ರೀಟ್ ಗಟ್ಟಿಯ ಮೇಲೆ ತಳದ ಪ್ಲೇಟ್ ಬಿಗಿದು ಕೂರಿಸುವ ದೀಪಗಳೇ ಎರೆಯ ನೆಲಕ್ಕೆ ಸರಿ. ಚಿತ್ರದುರ್ಗದ ಗರಸು ನೆಲದಲ್ಲಿ ಸ್ಪೈಕ್ ಅಲುಗಾಡದೆ ನಿಲ್ಲುತ್ತದೆ, ಆದರೆ ಕೇಬಲ್‌ಗೆ ಕಾಲುವೆ ತೋಡಲು ಹಾರೆ ಹಿಡಿದವನಿಗೆ ಎರಡಡಿಗೇ ಬಂಡೆ ಸಿಗಬಹುದು. ಅಲ್ಲಿ ಕಾಂಪೌಂಡಿನ ಒಳಮೈಯಲ್ಲೇ ಪೈಪು ಹಾಯಿಸುವುದು ಲೇಸು. ಗಾಳಿಯಂತ್ರಗಳ ಸಾಲು ಇರುವ ಊರಿನಲ್ಲಿ ಆಷಾಢದ ಗಾಳಿಯನ್ನು ವಿವರಿಸಬೇಕಾಗಿಲ್ಲ. ಮರದಿಂದ ಮರಕ್ಕೆ ಸೀರಿಯಲ್ ಸೆಟ್ ಎಳೆಯುವ ಆಸೆಯಿದ್ದರೆ, ಮೊದಲು ಉಕ್ಕಿನ ತಂತಿಯನ್ನು ಬಿಗಿದು ಬಲ್ಬುಗಳ ವೈರನ್ನು ಅದಕ್ಕೆ ಕಟ್ಟಬೇಕು. ವೈರೇ ತನ್ನ ಭಾರವನ್ನು ಹೊತ್ತರೆ ಆಷಾಢ ಮುಗಿಯುವುದರೊಳಗೆ ಕೀಲು ಬಿಡುತ್ತದೆ.

ಕವಚದ ಲೋಹದಲ್ಲಿ ನಮಗೊಂದು ಅನುಕೂಲವಿದೆ. ಕರಾವಳಿಯ ಉಪ್ಪುಗಾಳಿ ಇಲ್ಲಿಲ್ಲವಾದ್ದರಿಂದ 316 ದರ್ಜೆಯ ದುಬಾರಿ ಸ್ಟೀಲ್ ಬೇಕಿಲ್ಲ. ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ ಅಥವಾ 304 ದರ್ಜೆಯ ಸ್ಟೀಲ್ ಧಾರಾಳವಾಗಿ ಸಾಕು. ನಮ್ಮ ತೊಂದರೆ ಬೋರ್‌ವೆಲ್‌ನ ಗಡಸು ನೀರು. ಗಿಡಕ್ಕೆ ಹಾಯಿಸುವ ನೀರು ದಿನವೂ ಗಾಜಿನ ಮೇಲೆ ಎರಚಿ ಒಣಗಿದರೆ ಬಿಳಿ ಪೊರೆ ಕಟ್ಟಿ, ಕೆಲವು ತಿಂಗಳಲ್ಲಿ ಬೆಳಕು ಗಣನೀಯವಾಗಿ ತಗ್ಗುತ್ತದೆ. ಹುಣಸೆ ನೀರು ಅಥವಾ ನಿಂಬೆರಸ ಹಚ್ಚಿ ಒರೆಸಿದರೆ ಅದು ಹೋಗುತ್ತದೆ. ಹನಿ ನೀರಾವರಿ ಇದ್ದರೆ ಈ ಗೋಳೇ ಇಲ್ಲ.

ಗಿಡಗಳ ಪಾಲು

ತೆಂಗಿನ ಕಾಂಡಕ್ಕೆ ಬುಡದಿಂದ ಕಿರಿದಾದ ಬೆಳಕು, ಮಾವಿನ ಹಂದರಕ್ಕೆ ಅಗಲವಾದ ಬೆಳಕು ಎಂಬುದಕ್ಕಿಂತ ಮುಖ್ಯವಾದ ಒಂದು ಮಾತನ್ನು ದೀಪ ಮಾರುವವರು ಹೇಳುವುದಿಲ್ಲ. ಸೇವಂತಿಗೆ ಮೊಗ್ಗು ಕಟ್ಟುವುದಕ್ಕೆ ಉದ್ದವಾದ, ಕಡಿಯದ ಕತ್ತಲು ಬೇಕು. ಹೂವನ್ನು ತಡವಾಗಿ ಕೊಯ್ಯಬೇಕೆನ್ನುವ ಬೆಳೆಗಾರರು ಪಾಲಿಹೌಸುಗಳಲ್ಲಿ ರಾತ್ರಿ ದೀಪ ಹಾಕುವುದೇ ಈ ಕಾರಣಕ್ಕೆ. ಅಂಗಳದ ದೀಪ ಸೇವಂತಿಗೆಯ ಮಡಿಯ ಮೇಲೆ ನಡುರಾತ್ರಿಯವರೆಗೆ ಉರಿದರೆ, ಗಿಡ ಸೊಂಪಾಗಿ ಬೆಳೆದರೂ ಹಬ್ಬಕ್ಕೆ ಹೂವಿಲ್ಲದೆ ನಿಲ್ಲಬಹುದು. ಹಾಗಾಗಿ ಹೂವಿನ ಮಡಿಗೆ ದೀಪವನ್ನೇ ಇಡದೆ, ಅದರ ಪಕ್ಕದ ಕಾಲುದಾರಿಗೆ ಮೊಣಕಾಲೆತ್ತರದ, ಮೇಲ್ಭಾಗ ಮುಚ್ಚಿದ ಬೊಲ್ಲಾರ್ಡ್ ದೀಪವನ್ನು ಆಯ್ದುಕೊಳ್ಳುವುದು ಜಾಣತನ. ಮೊದಲ ಮಳೆಯ ಮರುದಿನ ಸಂಜೆ ರೆಕ್ಕೆಯ ಗೆದ್ದಲು ಏಳುವಾಗ ಯಾವ ಬಣ್ಣದ ದೀಪವೂ ಪಾರಾಗುವುದಿಲ್ಲ. ಆ ಒಂದು ಗಂಟೆ ಎಲ್ಲವನ್ನೂ ಆರಿಸಿಬಿಡಬೇಕು.

ತುಳಸಿ ಕಟ್ಟೆಗೆ ನೇರವಾಗಿ ಯಾವ ದೀಪವನ್ನೂ ಹಾಕಬಾರದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಕಾರ್ತಿಕದಲ್ಲಿ ಅಲ್ಲಿ ಹಣತೆ ಹಚ್ಚಿದಾಗ ಸುತ್ತಲಿನ ಬೆಳಕು ಅದಕ್ಕಿಂತ ಹೆಚ್ಚಿದ್ದರೆ ಹಣತೆ ಇದ್ದೂ ಇಲ್ಲದಂತಾಗುತ್ತದೆ. ಅದಕ್ಕಾಗಿ ಕಟ್ಟೆಯ ಅಕ್ಕಪಕ್ಕದ ದೀಪಗಳಿಗೆ ಪ್ರತ್ಯೇಕ ಸ್ವಿಚ್ ಮಾಡಿಸಿದ್ದೇವೆ. ವೈರಿಂಗ್ ಮಾಡಿಸುವ ಹೊತ್ತಿನಲ್ಲೇ ಹೇಳಿದರೆ ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಆಮೇಲೆ ನೆನಪಾದರೆ ನೆಲ ಅಗೆಯಬೇಕಾಗುತ್ತದೆ.

ಕೊಳ್ಳುವ ಮುನ್ನ ಒಂದು ಸಂಜೆ

ಎಷ್ಟು ದೀಪ, ಎಷ್ಟು ವ್ಯಾಟ್ ಎಂಬುದನ್ನು ಕಾಗದದ ಮೇಲೆ ನಿರ್ಧರಿಸಲು ಹೋಗಬಾರದು. ಅಮಾವಾಸ್ಯೆಯ ಆಸುಪಾಸಿನ ಒಂದು ಸಂಜೆ, ಎಕ್ಸ್‌ಟೆನ್ಶನ್ ವೈರಿಗೆ 5 ವ್ಯಾಟಿನ 2700 ಕೆಲ್ವಿನ್ ಬಲ್ಬೊಂದನ್ನು ಸಿಕ್ಕಿಸಿ, ಅದರ ಸುತ್ತ ದಪ್ಪ ರಟ್ಟನ್ನು ಕೊಳವೆಯಂತೆ ಸುತ್ತಿ, ಒಣ ನೆಲದ ಮೇಲೆ ಚಪ್ಪಲಿ ಹಾಕಿಕೊಂಡು, ಮನೆಯವರೊಬ್ಬರು ಅದನ್ನು ಗೋಡೆಯ ಹತ್ತಿರಕ್ಕೂ ದೂರಕ್ಕೂ ಹಿಡಿಯುತ್ತ ಹೋಗಲಿ, ಇನ್ನೊಬ್ಬರು ಬೀದಿಯಲ್ಲಿ ಗೇಟಿನ ಹೊರಗೆ ನಿಂತು ನೋಡಲಿ. ಬೆಳಕು ಸರಿಯೆನಿಸಿದ ಕಡೆ ನೆಲಕ್ಕೆ ಸುಣ್ಣದ ಗುರುತು ಹಾಕಿ, ಗೋಡೆಯಿಂದ ಎಷ್ಟು ಅಂತರವೆಂದು ಟೇಪು ಹಿಡಿದು ಬರೆದುಕೊಳ್ಳಬೇಕು. ನಾವು ಹೀಗೆ ಮಾಡಿದಾಗ ಹನ್ನೆರಡು ದೀಪಗಳ ಪಟ್ಟಿ ಏಳಕ್ಕೆ ಇಳಿಯಿತು. ಅಂಗಡಿಗೆ ಹೋಗುವಾಗ ಆ ಚೀಟಿಯನ್ನೂ, ಗೋಡೆಯ ಕಲ್ಲಿನದೋ ನೆಲದ ಹಾಸಿನದೋ ಒಂದು ಚೂರನ್ನೂ ಜೊತೆಗೆ ಒಯ್ದು, ಅಲ್ಲಿಯ ಉಳಿದ ದೀಪಗಳನ್ನೆಲ್ಲ ಆರಿಸುವಂತೆ ಕೇಳಿ, ನಮಗೆ ಬೇಕಾದ ಒಂದೇ ದೀಪವನ್ನು ಆ ಚೂರಿನ ಮೇಲೆ ಹಿಡಿಸಿ ನೋಡಿದೆವು.